ನ್ಯಾಮತಿಯ ರೋಡ್‌ಕಿಂಗ್ ಯಾರದು?

ಇವತ್ತು ಬೈಕ್ ಕಥೆ. ಆದ್ರೆ ರಿವ್ಯೂ ಅಲ್ಲ, ಹಿಸ್ಟರಿ. ಯಾಕಂದ್ರೆ ಹಳೇ ಬೈಕ್ ತಗೊಳ್ಳೋಕೆ ಹೋದಾಗ ನನಗೆ ಸಹಾಯಕ್ಕೆ ಬಂದಿದ್ದು ಸ್ಪ್ಯಾನರ್ ಅಲ್ಲ, ಇತಿಹಾಸ. ತಲೆನೋವು ಕೊಟ್ಟಿದ್ದೂ ಅದೇ.

ನನಗೆ ಬೇಕಾಗಿದ್ದು ಒಂದು ಯೆಜ್ಡಿ ರೋಡ್‌ಕಿಂಗ್. ಚನ್ನಗಿರಿಯಿಂದ ಹೊರಟು, ಅದೇ ಗಾಡಿಯಲ್ಲಿ ಮೈಸೂರಿಗೆ ಹೋಗಿ, ಅದು ಹುಟ್ಟಿದ ಯಾದವಗಿರಿಯಲ್ಲಿ ನಿಲ್ಲಿಸಿ ಒಂದು ಎಪಿಸೋಡ್ ರೆಕಾರ್ಡ್ ಮಾಡ್ಬೇಕು ಅಂತ ಆಸೆ. ಆಸೆಗೆ ಮೂಲ ನಮ್ಮ ದೊಡ್ಡಪ್ಪ. ಅವರ ಹತ್ರ ಒಂದು ರೋಡ್‌ಕಿಂಗ್ ಇತ್ತು. ದೊಡ್ಡಮ್ಮನ್ನ ಹಿಂದೆ ಕೂರಿಸ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಬರ್ತಿದ್ರಂತೆ. ಸೀಟಿನ ಪಕ್ಕದ ಡಬ್ಬಿಯಲ್ಲಿ ಎರಡು ಸ್ಪಾರ್ಕ್ ಪ್ಲಗ್, ಒಂದು ಸ್ಪ್ಯಾನರ್, ಒರೆಸೋ ಬಟ್ಟೆ. 1999ರಲ್ಲಿ ಅದನ್ನ 7 ಸಾವಿರಕ್ಕೆ ಮಾರಿದ್ರು. ನಾನು ಆಗ ಅಂಬೆಗಾಲಿಡ್ತಿದ್ದೆ, ಹಾಗಾಗಿ ತಡೆಯೋಕೆ ಆಗ್ಲಿಲ್ಲ.

ಮೊದಲು ಫ್ಯಾಕ್ಟರಿ ಕಥೆ ಹೇಳ್ಬಿಡ್ತೀನಿ. ಅದು ಗೊತ್ತಿಲ್ದೆ ಮುಂದಿನದ್ದು ಅರ್ಥ ಆಗಲ್ಲ.

ಜಾವಾ ಅನ್ನೋದು ಚೆಕ್ ಕಂಪನಿ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ಡಿಸೈನ್ ಖರೀದಿ ಮಾಡಿದ. ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿ ಜಾವಾ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಆ ದೇಶ ನಾಜಿಗಳ ಕೈಯಲ್ಲಿದ್ದಾಗ ಅಲ್ಲಿನ ಇಂಜಿನಿಯರುಗಳು ಕದ್ದುಮುಚ್ಚಿ ಒಂದು ಹೊಸ 250 ಸಿಸಿ ಬೈಕ್ ತಯಾರು ಮಾಡಿದ್ರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದನ್ನ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ರು. ಪೆರಾಕ್ ಅಂತ ಹೆಸರು. ನಮ್ಮೂರಿನ ಯೆಜ್ಡಿಯ ಮುತ್ತಜ್ಜ ಅವನು.

ಬಾಂಬೆಯಲ್ಲಿ ಇರಾನಿ ಕುಟುಂಬದವರು ಜಾವಾ ಬೈಕುಗಳನ್ನ ತರಿಸಿ ಮಾರ್ತಿದ್ರು. 1950ರ ದಶಕದಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕ್ತು. ಆಗ ಉಳಿದಿದ್ದು ಒಂದೇ ದಾರಿ, ಇಲ್ಲೇ ತಯಾರು ಮಾಡೋದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಜಾಗಕ್ಕೆ ಮೈಸೂರನ್ನ ಆರಿಸ್ಕೊಂಡ್ರು. ಜಯಚಾಮರಾಜೇಂದ್ರ ಒಡೆಯರ್ ಬೆನ್ನಿಗೆ ನಿಂತ್ರು. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಯ್ತು, 1961ರ ಹೊತ್ತಿಗೆ ಬೈಕ್ ಹೊರಗೆ ಬರೋಕೆ ಆರಂಭ. ಚೆಕ್ಕಿನವರ ಜೊತೆಗಿನ ಲೈಸೆನ್ಸ್ ಕಾಲ ಮುಗಿದಾಗ, 1973ರಲ್ಲಿ, ಹೆಸರು ಯೆಜ್ಡಿ ಅಂತಾಯ್ತು. ಈ ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಎರಡು ಕಥೆ. ಚೆಕ್ ಭಾಷೆಯಲ್ಲಿ ‘ಓಡಿಸ್ತಾನೆ’ ಅನ್ನೋ ಅರ್ಥದ ಪದ ಅಂತ ಒಂದು. ಇರಾನಿನ ಯಜ್ದ್ ಪಟ್ಟಣದಿಂದ ಬಂತು ಅಂತ ಇನ್ನೊಂದು. ನಿಮಗೆ ಯಾವುದು ಚೆನ್ನಾಗಿ ಕೇಳ್ಸುತ್ತೋ ಅದನ್ನ ಇಟ್ಕೊಳ್ಳಿ.

ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. 249 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಆದ್ರೆ ಎರಡು ಸೈಲೆನ್ಸರ್. ಈಗಿನ ಹುಡುಗರಿಗೆ ತಮಾಷೆ ಅನ್ನಿಸೋದು ಅದರ ಲಿವರ್. ಗೇರ್ ಹಾಕೋ ಲಿವರೇ ಕಿಕ್ಕರ್ ಕೂಡ! ಎಡಗಡೆ ಇರೋ ಲಿವರನ್ನ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ ಹೊಡೀಬಹುದು, ವಾಪಸ್ ತಂದ್ರೆ ಗೇರ್. ಮೊದಲ ಸಲ ಯೆಜ್ಡಿ ಮುಟ್ಟಿದವರು ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕ್ತಾ ನಿಲ್ತಾರೆ. ನಾನೂ ನಿಂತಿದ್ದೆ.

ಇನ್ನು ಇದು ನಮ್ಮ ಕಡೆಗೆ ಹೇಗೆ ಬಂತು? ಆ ಕಾಲದಲ್ಲಿ ದೊಡ್ಡ ಬೈಕ್ ಬೇಕು ಅಂದ್ರೆ ಆಯ್ಕೆ ಮೂರೇ. ಮದರಾಸಿನ ಬುಲೆಟ್, ಉತ್ತರದ ರಾಜ್‌ದೂತ್, ನಮ್ಮ ಮೈಸೂರಿನ ಯೆಜ್ಡಿ. ಯಾವ ಕಂಪನಿ ಎಷ್ಟು ಗಾಡಿ ಮಾಡ್ಬೇಕು ಅನ್ನೋದನ್ನ ದೆಹಲಿಯಲ್ಲಿ ನಿರ್ಧಾರ ಮಾಡ್ತಿದ್ರು. ಲೈಸೆನ್ಸ್ ರಾಜ್ ಅಂತ ಬಿ.ಕಾಂ.ನಲ್ಲಿ ಎರಡು ಮಾರ್ಕಿನ ಪ್ರಶ್ನೆಗೆ ಓದಿದ್ದೆ. ಅದರ ನಿಜವಾದ ಅರ್ಥ ಏನಂದ್ರೆ, ಜೇಬಲ್ಲಿ ದುಡ್ಡಿದ್ರೂ ಅಡ್ವಾನ್ಸ್ ಕಟ್ಟಿ ಕಾಯ್ಬೇಕು.

ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆ ನೀರು ಬಂದ ಮೇಲೆ ಭತ್ತ, ಅಡಿಕೆ ಮಾಡಿದವರ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡ್ತು. ಯೆಜ್ಡಿ ತಗೊಂಡವರು ಅವರು, ಅಡಿಕೆ ವ್ಯಾಪಾರಿಗಳು, ಡಾಕ್ಟ್ರು, ಸರ್ಕಾರಿ ನೌಕರಿಯಲ್ಲಿದ್ದವರು. ಜಗಳೂರು ಬಯಲುಸೀಮೆ, ಮಳೆ ನಂಬ್ಕೊಂಡ ಹೊಲ, ಅಲ್ಲಿ ಯೆಜ್ಡಿ ಕಡಿಮೆ. ಆದ್ರೆ ಇದ್ದ ಗಾಡಿ ಚೆನ್ನಾಗಿ ಉಳ್ಕೊಂಡಿವೆ. ಹೊನ್ನಾಳಿಯ ಮೆಕ್ಯಾನಿಕ್ ಅಣ್ಣ ಒಬ್ರು ಹೇಳಿದ್ದು ಇದು: “ತೋಟದ ಊರಿನ ಗಾಡಿಗೆ ತಳದಿಂದ ತುಕ್ಕು ಹಿಡೀತದೆ. ಜಗಳೂರು ಗಾಡಿ ಧೂಳು ಕುಡಿದಿರ್ತದೆ, ಆದ್ರೆ ಕಬ್ಬಿಣ ಗಟ್ಟಿ ಇರ್ತದೆ.”

ಇನ್ನೊಂದು ಮಾರ್ಗದಲ್ಲೂ ಗಾಡಿ ಮನೆಗೆ ಬರ್ತಿತ್ತು. ಮದುವೆ ಮಾತುಕತೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂತು, ಅಂದ್ರೆ ಮೈಸೂರಿನ ಫ್ಯಾಕ್ಟರಿಯಿಂದ ಬೈಕ್ ಬರೋಕೆ ಶುರುವಾದ ವರ್ಷವೇ. ಎರಡೂ ಒಟ್ಟೊಟ್ಟಿಗೆ ಬೆಳೆದವು, ಒಂದನ್ನೊಂದು ತಡೀಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ನ್ಯಾಮತಿಗೆ ಹೋದಾಗ ಬೇಕಾಗುತ್ತೆ.

ಫ್ಯಾಕ್ಟರಿ ಸತ್ತ ಕಥೆ ಚಿಕ್ಕದು. 1980ರ ದಶಕದ ಮಧ್ಯದಲ್ಲಿ ಜಪಾನಿನ ಕಂಪನಿಗಳು ಇಲ್ಲಿನವರ ಜೊತೆ ಸೇರ್ಕೊಂಡು 100 ಸಿಸಿ ಬೈಕ್ ತಂದ್ವು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಸಿಡಿ 100 ಲೀಟರಿಗೆ 80 ಕಿಲೋಮೀಟರ್ ಕೊಡುತ್ತೆ ಅಂತ ಜಾಹೀರಾತು. ಯೆಜ್ಡಿ 30 ಕೊಟ್ರೆ ಓನರ್ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದ. ಅದರ ಮೇಲೆ ಪೆಟ್ರೋಲಿಗೆ ಆಯಿಲ್ ಬೆರೆಸೋ ಖರ್ಚು. 1991ರಲ್ಲಿ ಹೊಗೆಯ ನಿಯಮ ಬಂತು, 1996ಕ್ಕೆ ಇನ್ನೂ ಬಿಗಿ ಆಯ್ತು. ಕಾರ್ಮಿಕರ ಜೊತೆ ಜಗಳ, ಸಾಲ, ಎಲ್ಲಾ ಸೇರಿ 1996ರಲ್ಲಿ ಬೀಗ ಬಿತ್ತು. ಮರುವರ್ಷ, 1997ರ ಆಗಸ್ಟ್ 15ಕ್ಕೆ, ನಮ್ಮ ದಾವಣಗೆರೆ ಜಿಲ್ಲೆ ಹುಟ್ತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಬಳ್ಳಾರಿಯಿಂದ ಹರಪನಹಳ್ಳಿ, ಅದು ಆಮೇಲೆ ವಾಪಸ್ ಹೋಯ್ತು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಬೇರೆ ತಾಲ್ಲೂಕಾಗಿದ್ದು ಇತ್ತೀಚೆಗೆ.

ಬೈಕ್ ಕಥೆಯಲ್ಲಿ ಜಿಲ್ಲೆ ಕಥೆ ಯಾಕೆ ಬಂತು ಅಂತೀರಾ? ಹೊನ್ನಾಳಿಗೆ ಹೋಗೋಣ ಬನ್ನಿ.

ಹೊನ್ನಾಳಿಯಲ್ಲಿ ನೋಡಿದ ಮೊದಲನೇ ರೋಡ್‌ಕಿಂಗ್ ಫಳಫಳ ಹೊಳೀತಿತ್ತು. ಕೆಂಪು ಬಣ್ಣ, ಕ್ರೋಮ್‌ನಲ್ಲಿ ಮುಖ ಕಾಣ್ಸುತ್ತೆ. ಮಾರೋನು ನನ್ನ ವಯಸ್ಸಿನವನೇ. “1986 ಮಾಡೆಲ್, ಇದೇ ಊರಿನ ಗಾಡಿ, ಒಬ್ಬರೇ ಓನರ್, ನಂಬರ್ ಸಹ ಚೇಂಜ್ ಆಗಿಲ್ರಿ” ಅಂದ. ನಾನು ಪ್ಲೇಟ್ ನೋಡಿದೆ. ಕೆಎ 17.

ನಮ್ಮಜ್ಜ ದನದ ಸಂತೆಗೆ ಹೋದ್ರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡ್ತಿದ್ರು, ಆಮೇಲೆ ಮೈಮೇಲಿನ ಸುಳಿ ನೋಡ್ತಿದ್ರು. ಕೊಂಬಿಗೆ ಹಚ್ಚಿದ ಬಣ್ಣ ಎಷ್ಟೇ ಚೆನ್ನಾಗಿದ್ರೂ ಲೆಕ್ಕಕ್ಕಿಲ್ಲ. ಹಳೇ ಬೈಕಿಗೆ ನಂಬರೇ ಹಲ್ಲು. ಕೆಎ ಅನ್ನೋ ನಂಬರ್ ಪದ್ಧತಿ ಬಂದಿದ್ದು 1988ರ ಮೋಟಾರು ವಾಹನ ಕಾಯ್ದೆಯ ಮೇಲೆ. ಆ ಕಾಯ್ದೆ ಜಾರಿಗೆ ಬಂದಿದ್ದೇ 1989ರ ಜುಲೈ 1ಕ್ಕೆ. ಅದಕ್ಕೆ ಮೊದಲು ನಮ್ಮ ರಾಜ್ಯದ ಗಾಡಿಗಳಿಗೆ ‘ಸಿ’ ಅಥವಾ ‘ಎಂ’ನಿಂದ ಶುರುವಾಗೋ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿ. 1986ರಲ್ಲಿ ಹೊನ್ನಾಳಿ ಇದ್ದಿದ್ದು ಶಿವಮೊಗ್ಗ ಜಿಲ್ಲೆಯಲ್ಲಿ. ಕೆಎ ಬಂದ ಮೇಲೂ ಶಿವಮೊಗ್ಗಕ್ಕೆ ಸಿಕ್ಕಿದ್ದು 14. ಹಾಗಾದ್ರೆ ನಂಬರೇ ಬದಲಾಗದ 1986ರ ಹೊನ್ನಾಳಿ ಗಾಡಿಗೆ ಕೆಎ 17 ಎಲ್ಲಿಂದ ಬಂತು?

ಕೆಎ ಪ್ಲೇಟ್ ಇದ್ದ ತಕ್ಷಣ ಮೋಸ ಅಂತಲ್ಲ. ಬೇರೆ ರಾಜ್ಯದಿಂದ ಬಂದಿರಬಹುದು, ಸರ್ಕಾರಿ ಹರಾಜಿನಲ್ಲಿ ಕೊಂಡು ಹೊಸದಾಗಿ ನಂಬರ್ ಹಾಕಿಸಿರಬಹುದು. ಆದ್ರೆ ಅದು ಆರ್‌ಸಿಯಲ್ಲಿ ಬರೆದಿರ್ಬೇಕು. ಆರ್‌ಸಿ ಕೇಳಿದೆ. “ಕೊಡ್ತೀನಿ, ಮೊದ್ಲು ಅಡ್ವಾನ್ಸ್ ಹಾಕ್ರಿ” ಅಂದ. ಟೀ ಕುಡಿದು ಎದ್ದು ಬಂದೆ.

ಎರಡನೇದು ಜಗಳೂರು. ಮೆಕ್ಯಾನಿಕ್ ಅಣ್ಣ ಹೇಳಿದ್ದು ನಿಜ, ತುಕ್ಕಿಲ್ಲ. ಮೆಕ್ಕೆಜೋಳದ ಚೀಲಗಳ ಹಿಂದೆ ನಿಲ್ಲಿಸಿದ್ರು. ಪೇಪರ್ ಕೂಡ ಇತ್ತು, ಹಳೇ ನಂಬರ್, 1983. ಹಿಡಿಯೋ ಮೊದಲು ಇಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಇದು ಒಳ್ಳೇ ಲಕ್ಷಣ. ನೀವು ಬರೋ ಮೊದಲೇ ಗಾಡಿ ಬಿಸಿ ಮಾಡಿ ಇಟ್ಟಿದ್ರೆ ಏನನ್ನೋ ಮುಚ್ಚಿಡ್ತಿರಬಹುದು. ಎರಡನೇ ಕಿಕ್ಕಿಗೆ ಸ್ಟಾರ್ಟ್. ಇಪ್ಪತ್ತು ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆ ಕಿಕ್ ಹೊಡೆದೆ. ಆಗ್ಲೂ ಸ್ಟಾರ್ಟ್. ದೂರ ಹೋಗೋಕೆ ಗಾಡಿ ತಗೊಳ್ಳೋರು ಈ ಎರಡನೇ ಕಿಕ್ ಮರೀಬೇಡಿ. ಕಂಡೆನ್ಸರ್, ಕಾಯಿಲ್ ಹೋಗೋ ಹಂತದಲ್ಲಿದ್ರೆ ತಣ್ಣಗಿದ್ದಾಗ ಸುಮ್ನಿದ್ದು, ಬಿಸಿಯಾದ ಮೇಲೆ ಹೈವೇಯಲ್ಲಿ ಕೈ ಕೊಡ್ತವೆ.

ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಇಂಜಿನ್ ನಂಬರ್ ಓದಿದೆ. ಆರ್‌ಸಿಯಲ್ಲಿರೋ ನಂಬರಿಗೂ ಇದಕ್ಕೂ ತಾಳೆ ಇಲ್ಲ. ಚಾಸಿ ನಂಬರ್ ಸರಿ ಇದೆ, ಇಂಜಿನ್ ಬೇರೆ. ಯಜಮಾನ್ರಿಗೆ ಕೇಳಿದ್ರೆ ಮುಚ್ಚುಮರೆ ಇಲ್ದೆ ಹೇಳಿದ್ರು: “ಹಳೇ ಇಂಜಿನ್ ಸೀಜ್ ಆಗಿತ್ತಪ್ಪ. ದಾವಣಗೆರೆಯಾಗೆ ಇನ್ನೊಂದ್ ಸಿಕ್ತು, ಹಾಕಿಸ್ದೆ. ಅದಕ್ಕೇನ್ ಬರೆಸೋದು?” ಇದು ಮೋಸ ಅಲ್ಲ. 1996ರ ಮೇಲೆ ಕಂಪನಿಯಿಂದ ಹೊಸ ಇಂಜಿನ್ ಬರೋದೇ ನಿಂತೋಯ್ತು. ಒಂದು ಸತ್ತ ಯೆಜ್ಡಿಯಿಂದ ನಾಲ್ಕು ಯೆಜ್ಡಿ ಬದುಕಿವೆ. ಮೂವತ್ತು ವರ್ಷ ಈ ಗಾಡಿಗಳನ್ನ ಉಳಿಸಿದ್ದು ಕಂಪನಿಯಲ್ಲ, ಹೀಗೆ ಬಿಚ್ಚಿ ಜೋಡಿಸಿದ ಗ್ಯಾರೇಜಿನವರು. ಆದ್ರೆ ಆ ಇಂಜಿನ್ ಯಾವ ಗಾಡಿಯದ್ದು, ಆ ಗಾಡಿ ಕಳುವಾಗಿದ್ದೋ ಏನೋ, ಯಾರಿಗೆ ಗೊತ್ತು? ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಮೊದಲು ನೋಡೋದೇ ಈ ಎರಡು ನಂಬರ್. ಮನಸ್ಸಿಲ್ಲದ ಮನಸ್ಸಿಂದ ಬಿಟ್ಟು ಬಂದೆ. ಯಜಮಾನ್ರು ಬೇಜಾರ್ ಮಾಡ್ಕೊಳ್ಳಿಲ್ಲ, ಒಂದು ಚೀಲ ಶೇಂಗಾ ಕೊಟ್ಟು ಕಳ್ಸಿದ್ರು.

ಮೂರನೇದು ನ್ಯಾಮತಿ.

ಸಂಬಂಧಿಕರೊಬ್ಬರು ಹೇಳಿದ್ರು ಅಂತ ಹೋದೆ. ಮೇಷ್ಟ್ರ ಮನೆ. ಮೇಷ್ಟ್ರು ತೀರ್ಕೊಂಡು ಒಂಬತ್ತು ವರ್ಷ. ಅವರ ಹೆಂಡತಿ, ಅರವತ್ತು ದಾಟಿದ ಅಮ್ಮ, ಒಬ್ರೇ ಇದ್ದಾರೆ. ಮಗ ಬೆಂಗಳೂರಲ್ಲಿ. ಹಿತ್ತಲಿನ ಸೌದೆ ಮನೆಯಲ್ಲಿ ಟಾರ್ಪಾಲ್ ಹೊದಿಸಿದ ರೋಡ್‌ಕಿಂಗ್. ಟೈರ್ ನೆಲಕ್ಕೆ ಅಂಟಿದೆ, ಸೀಟಿನಲ್ಲಿ ಇಲಿ ಮನೆ ಮಾಡಿದೆ. ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟೆ, ತಳದಲ್ಲಿ ಕೆಂಪು ತುಕ್ಕು. ಆದ್ರೆ ಲಿವರ್ ಒತ್ತಿದ್ರೆ ಕಿಕ್ ಇಳೀತು, ಪಿಸ್ಟನ್ ಜಾಮ್ ಆಗಿಲ್ಲ. ಎರಡೂ ಸೈಲೆನ್ಸರ್ ಕಂಪನಿಯವೇ. ಪ್ಲೇಟಿನಲ್ಲಿ ‘ಸಿ’ಯಿಂದ ಶುರುವಾಗೋ ಹಳೇ ನಂಬರ್, ಬಿಳಿ ಬಣ್ಣದಲ್ಲಿ ಕೈಯಲ್ಲಿ ಬರೆದದ್ದು. ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ತಾಳೆ.

ಅಮ್ಮ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ಅದರಲ್ಲಿ ಆರ್‌ಸಿ ಪುಸ್ತಕ. ಕೈಬರಹದ್ದು. 1984, ಶಿವಮೊಗ್ಗ. ಒಬ್ಬರೇ ಓನರ್, ಮೇಷ್ಟ್ರು. 1999ರಲ್ಲಿ ಹದಿನೈದು ವರ್ಷ ತುಂಬಿದಾಗ ನವೀಕರಣ, 2004ರಲ್ಲಿ ಇನ್ನೊಂದು ಸಲ, 2009ಕ್ಕೆ ಅವಧಿ ಮುಗಿದಿದೆ. ಪುಸ್ತಕದ ಜೊತೆ ಮಡಚಿದ ಒಂದು ರಸೀದಿ. ಗಾಡಿಗೆ ಅಡ್ವಾನ್ಸ್ ಕಟ್ಟಿದ್ದು. ರಸೀದಿಯಲ್ಲಿದ್ದ ಹೆಸರು ಮೇಷ್ಟ್ರದ್ದಲ್ಲ.

“ಅದು ನಮ್ಮಪ್ಪನ ಹೆಸ್ರು ಕಣಪ್ಪ” ಅಂದ್ರು ಅಮ್ಮ. “ನನ್ ಮದ್ವೆಗೆ ಕೊಡ್ಸಿದ್ದು. ಒಂದೆಕರೆ ಗದ್ದೆ ಆಧಾರ ಇಟ್ಟಿದ್ರು.”

ಎಷ್ಟಕ್ಕೆ ಕೊಡ್ತೀರಮ್ಮ ಅಂದೆ. ಗುಜರಿಯವನು ಆರೂವರೆ ಸಾವಿರಕ್ಕೆ ಕೇಳಿದ್ದನಂತೆ, ಕೆ.ಜಿ. ಲೆಕ್ಕದಲ್ಲಿ. “ನೀನು ಓಡ್ಸೋನು, 12 ಸಾವ್ರ ಕೊಡು” ಅಂದ್ರು. ನಾನು 500 ರೂಪಾಯಿ ಅಡ್ವಾನ್ಸ್ ಕೊಟ್ಟು, ಮುಖದಲ್ಲಿ ಏನೂ ತೋರಿಸ್ದೆ, ಚನ್ನಗಿರಿ ಕಡೆ ಬಸ್ ಹತ್ತಿದೆ. ಒಳಗೆ ಲಾಟರಿ ಹೊಡೆದಷ್ಟು ಖುಷಿ.

ಇಲ್ಲಿ ಸ್ವಲ್ಪ ಅಕೌಂಟ್ಸ್ ಹೇಳ್ಬೇಕು. ಕಾಮರ್ಸ್ ಓದಿದವರಿಗೆ ಸವಕಳಿ ಗೊತ್ತು. ಪ್ರತಿ ವರ್ಷ ಗಾಡಿಯ ಬೆಲೆ ಇಷ್ಟು ಪರ್ಸೆಂಟ್ ಕಮ್ಮಿ ಆಗ್ತಾ ಹೋಗಿ ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿ ಉಳಿಯುತ್ತೆ. ಯೆಜ್ಡಿ ವಿಷಯದಲ್ಲಿ ಆ ಗೆರೆ ನೆಲ ಮುಟ್ಟಿ ಮತ್ತೆ ಮೇಲಕ್ಕೆ ಹೋಯ್ತು. ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ಕ್ಲಬ್ ಕಟ್ಟಿದವರು, ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ನೂರಾರು ಹಳೇ ಗಾಡಿ ತಂದು ನಿಲ್ಲಿಸೋರು, ಇವರಿಂದ ಆಸೆ ಹರಡ್ತು. 2018ರ ನವೆಂಬರ್‌ನಲ್ಲಿ ಮಹೀಂದ್ರಾ ಹಣ ಹಾಕಿರೋ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಹೊಸ ಜಾವಾ ತಂತು, 2022ರ ಜನವರಿಯಲ್ಲಿ ಹೊಸ ಯೆಜ್ಡಿ. ಹೊಸದು ಬಂದಿದ್ದೇ ತಡ, ಹಳೇದರ ಬೆಲೆ ಇನ್ನೂ ಏರ್ತು. ಈಗ ಪೇಪರ್ ಸರಿ ಇರೋ, ಓಡೋ ರೋಡ್‌ಕಿಂಗ್‌ಗೆ ಜಾಹೀರಾತುಗಳಲ್ಲಿ ಲಕ್ಷದ ಮೇಲೆ ಕೇಳ್ತಾರೆ. ನ್ಯಾಮತಿಯ ಗಾಡಿಗೆ 40 ಸಾವಿರ ಖರ್ಚು ಮಾಡಿದ್ರೂ ನನಗೆ ಲಾಭ.

ಹೆಸರಿನ ಬೆಲೆ ಎಷ್ಟು ಅಂದ್ರೆ, ಅದಕ್ಕಾಗಿ ಹೈಕೋರ್ಟಿನವರೆಗೆ ಕೇಸ್ ನಡೀತು. ಯೆಜ್ಡಿ ಅನ್ನೋ ಹೆಸರು ಇರಾನಿ ಕುಟುಂಬದ್ದೋ, ಮುಚ್ಚಿಹೋದ ಐಡಿಯಲ್ ಜಾವಾ ಕಂಪನಿಯದ್ದೋ? ಕಂಪನಿಯದ್ದಾದ್ರೆ ಅದರ ದುಡ್ಡು ಲಿಕ್ವಿಡೇಟರ್ ಮೂಲಕ ಸಾಲ ಕೊಟ್ಟವರಿಗೆ, ಕಾರ್ಮಿಕರಿಗೆ ಹೋಗ್ಬೇಕು. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಕಂಪನಿಯದ್ದು ಅಂದಿತು, ಅದರ ಮೇಲೆ ಮೇಲ್ಮನವಿ ಹೋಯ್ತು. ಫ್ಯಾಕ್ಟರಿ ಮುಚ್ಚಿ ಕಾಲು ಶತಮಾನ ಆದ ಮೇಲೂ ಬರೀ ಐದಾರು ಅಕ್ಷರಕ್ಕೆ ಇಷ್ಟು ಹೋರಾಟ.

ರಾತ್ರಿ ದೊಡ್ಡಪ್ಪನಿಗೆ ಫೋಟೋ ತೋರಿಸ್ದೆ. ಚಾಳೀಸು ಹಾಕ್ಕೊಂಡು, ಝೂಮ್ ಮಾಡಿ, ಪ್ರತಿ ಬೋಲ್ಟೂ ನೋಡಿದ್ರು. ಕೊನೆಗೆ ಕೇಳಿದ್ದು ಒಂದೇ ಮಾತು. “ಆಯಮ್ಮಂಗೆ ರೇಟ್ ಗೊತ್ತಾ?”

ನಾನು ಸುಮ್ನಿದ್ದೆ.

“ನಾನು ಏಳು ಸಾವ್ರಕ್ಕೆ ಕೊಟ್ಟೆ ನೋಡು, ಅವ್ನು ಒಂದೇ ತಿಂಗ್ಳಲ್ಲಿ ಹದಿನಾಲ್ಕಕ್ಕೆ ಮಾರ್ದ” ಅಂದ್ರು. ಬೇರೇನೂ ಹೇಳ್ಲಿಲ್ಲ, ಮೊಬೈಲ್ ವಾಪಸ್ ಕೊಟ್ಟು ಮಲಗೋಕೆ ಹೋದ್ರು.

ಇಲ್ಲಿ ನಾನು ಹೀರೋ ಆಗ್ತೀನಿ ಅನ್ಕೋಬೇಡಿ. ನಾಲ್ಕು ದಿನ ಮನಸ್ಸಲ್ಲೇ ವಾದ ಮಾಡ್ದೆ. ಗುಜರಿಯವನಿಗಿಂತ ಡಬಲ್ ಕೊಡ್ತಿದ್ದೀನಲ್ಲ. ರೇಟ್ ಕೇಳಿದ್ದು ಅವರೇ ಅಲ್ವಾ. ವ್ಯಾಪಾರ ಅಂದ್ರೆ ಒಬ್ಬನಿಗೆ ಗೊತ್ತಿರೋದು ಇನ್ನೊಬ್ಬನಿಗೆ ಗೊತ್ತಿಲ್ಲದೆ ಇರೋದೇ ತಾನೆ. ವಾದ ಚೆನ್ನಾಗೇ ಇತ್ತು. ಆದ್ರೆ ಹೊನ್ನಾಳಿಯ ಹುಡುಗನ ಹತ್ರ ನಾನು ಕೇಳಿದ್ದು ಪೂರ್ತಿ ಚರಿತ್ರೆ ಹೇಳು ಅಂತ. ನ್ಯಾಮತಿಯಲ್ಲಿ ಅದೇ ಚರಿತ್ರೆ ನನ್ನ ಬಾಯಲ್ಲಿತ್ತು, ನಾನು ಬಾಯಿ ಮುಚ್ಕೊಂಡಿದ್ದೆ.

ಐದನೇ ದಿನ ಹೋಗಿ ಹೇಳ್ದೆ. ಬೆಂಗಳೂರಲ್ಲಿ ಇದಕ್ಕೆ ಇಷ್ಟಿದೆ, ರಿಪೇರಿಗೆ ಇಷ್ಟಾಗುತ್ತೆ, ಎಲ್ಲಾ. ಅಮ್ಮ ಅಕ್ಕಿ ಆರಿಸ್ತಾ ಕೇಳಿಸ್ಕೊಂಡ್ರು.

“ಹಂಗಾದ್ರೆ ಅವತ್ತೇ ಯಾಕ್ ಹೇಳ್ಲಿಲ್ಲ?” ಅಂದ್ರು.

ಉತ್ತರ ಇರ್ಲಿಲ್ಲ. ಮಗನಿಗೆ ಫೋನ್ ಮಾಡಿದ್ರು. ಅವನು ಸ್ವಲ್ಪ ಅನುಮಾನದಿಂದಲೇ ಮಾತಾಡಿದ, ಅದು ಸಹಜ. ಕೊನೆಗೆ ಗಾಡಿ ಇದ್ದ ಸ್ಥಿತಿಯಲ್ಲಿ 55 ಸಾವಿರಕ್ಕೆ ಮಾತಾಯ್ತು, ಪೇಪರ್ ಖರ್ಚು ನನ್ನದು.

ಈ ಪೇಪರ್ ವಿಷಯ ಹಳೇ ಗಾಡಿ ತಗೊಳ್ಳೋರು ಗಮನ ಇಟ್ಟು ಕೇಳಿ. ಓನರ್ ತೀರ್ಕೊಂಡಿದ್ರೆ, ಅವರ ಮನೆಯವರು ನೇರವಾಗಿ ನಿಮ್ಮ ಹೆಸರಿಗೆ ಬರೆದುಕೊಡೋಕೆ ಆಗಲ್ಲ. ಮೊದಲು ಗಾಡಿ ವಾರಸುದಾರರ ಹೆಸರಿಗೆ ಬರ್ಬೇಕು. ಅದಕ್ಕೆ ಫಾರಂ 31, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಓನರ್ ಸತ್ತ ಮೂರು ತಿಂಗಳಲ್ಲಿ ಮಾಡ್ಬೇಕಾದ ಕೆಲಸ ಇದು, ನಮ್ಮೂರುಗಳಲ್ಲಿ ಯಾರೂ ಮಾಡಲ್ಲ. ಆಮೇಲೆ ಮಾರಾಟಕ್ಕೆ ಫಾರಂ 29 ಮತ್ತು 30. ಅವಧಿ ಮುಗಿದಿದ್ರೆ ನವೀಕರಣಕ್ಕೆ ಫಾರಂ 25, ಗಾಡಿಯನ್ನ ಕರ್ಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸ್ಬೇಕು, ಐದು ವರ್ಷಕ್ಕೆ ಕೊಡ್ತಾರೆ. ಈ ಶುಲ್ಕ ಮೊದಲು 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಸಾವಿರ ಆಯ್ತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿಗೆ 2 ಸಾವಿರ. ಹಸಿರು ತೆರಿಗೆ, ತಡವಾಗಿದ್ದಕ್ಕೆ ದಂಡ, ಇನ್ಶೂರೆನ್ಸ್ ಬೇರೆ. ಗಾಡಿ ರೇಟ್ ಕಟ್ಟೋ ಮೊದಲೇ ಇದನ್ನೆಲ್ಲ ಕೂಡಿಸ್ಕೊಳ್ಳಿ. ಹಳೇ ಕೈಬರಹದ ಪುಸ್ತಕದ ವಿವರ ಆನ್‌ಲೈನ್ ದಾಖಲೆಗೆ ಏರಿದೆಯಾ ಅನ್ನೋದನ್ನೂ ನೋಡ್ಕೊಳ್ಳಿ. ಏರದಿದ್ರೆ ಮೊದಲು ಆ ಕೆಲಸ. ನ್ಯಾಮತಿಯ ಗಾಡಿಗೆ ಮೂಲ ರಿಜಿಸ್ಟರ್ ಶಿವಮೊಗ್ಗದಲ್ಲಿ, ಈಗಿನ ಜಿಲ್ಲೆ ದಾವಣಗೆರೆ. ಜಿಲ್ಲೆ ಕಥೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ?

‘ವಿಂಟೇಜ್ ಅಂತ ಮಾಡಿಸ್ಬಹುದಲ್ಲ’ ಅಂತ ಕೆಲವರು ಕಾಮೆಂಟ್ ಹಾಕ್ತಾರೆ, ಅದಕ್ಕೂ ಹೇಳ್ಬಿಡ್ತೀನಿ. 2021ರ ಜುಲೈನ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ಹೊಸ ನೋಂದಣಿಗೆ 20 ಸಾವಿರ. ದಿನಾ ಓಡಿಸೋ ಹಾಗಿಲ್ಲ. ಮೊಟ್ಟಮೊದಲ ರೋಡ್‌ಕಿಂಗ್ 50 ತುಂಬಿಸೋದೇ 2028ಕ್ಕೆ. ಟೂರ್ ಹೊಡೆಯೋ ಆಸೆ ಇರೋರಿಗೆ ಆ ದಾರಿ ಬೇಡ.

ಈಗ ಗಾಡಿ ಎಲ್ಲಿದೆ? ಹೊನ್ನಾಳಿಯ ಮೆಕ್ಯಾನಿಕ್ ಅಣ್ಣನ ಹತ್ರ. ಬೋರ್ ಒಂದು ಸಲ ಮಾತ್ರ ಆಗಿದೆಯಂತೆ, ಅವರಿಗೆ ಖುಷಿಯೋ ಖುಷಿ. ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ, ಇಲ್ಲಾಂದ್ರೆ ಗೇರ್‌ಬಾಕ್ಸ್ ಆಯಿಲನ್ನೇ ಕುಡಿದು ಬಿಳಿ ಹೊಗೆ ಬಿಡ್ತಾ ಹೋಗುತ್ತೆ. ಟ್ಯಾಂಕ್ ತೊಳೆಸಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ತಡೆಯಲ್ಲ, ಅದೂ ಬದಲಾಗ್ಬೇಕು. ಲೀಟರಿಗೆ ಸುಮಾರು 40 ಎಂಎಲ್ ಆಯಿಲ್ ಹಾಕೋದನ್ನ ಮಾತ್ರ ಜೀವ ಹೋದ್ರೂ ಮರೀಬೇಡ ಅಂದ್ರು.

ಪೇಪರಿಗೆ ನಾನು, ಅಮ್ಮ, ಮಗ ಮೂವರೂ ಓಡಾಡಿದ್ವಿ. ಮೊದಲ ಹಂತ ಕಳೆದ ವಾರ ಮುಗೀತು. ಸಂಜೆ ಅಮ್ಮನ ಫೋನ್ ಬಂತು. ಮೊಬೈಲಿಗೆ ಏನೋ ಇಂಗ್ಲಿಷಲ್ಲಿ ಮೆಸೇಜ್ ಬಂದಿದೆ, ಪಕ್ಕದ ಮನೆ ಹುಡುಗಿ ಓದಿದ್ಲು, ಗಾಡಿ ನನ್ ಹೆಸ್ರಿಗೆ ಆಗಿದೆಯಂತೆ ಹೌದಾ ಅಂದ್ರು. ಹೌದಮ್ಮ, ಇನ್ನು ನನ್ನ ಹೆಸರಿಗೆ ಮಾಡಿಸೋದೊಂದು ಬಾಕಿ, ಸೋಮವಾರ ಬರ್ಲಾ ಅಂತ ಕೇಳ್ದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. “ನಲ್ವತ್ ವರ್ಷ ಆಯ್ತು ಕಣಪ್ಪ ನಮ್ಮಪ್ಪ ಕೊಡ್ಸಿ. ಒಂದ್ ತಿಂಗ್ಳು ನನ್ ಹೆಸ್ರಲ್ಲೇ ಇರ್ಲಿ ಬಿಡು. ಆಮೇಲ್ ಬಾ.”

ಆಗ್ಲಮ್ಮ ಅಂದೆ.